ಒಂದೇ ತಲೆಯವರು

“ಲಕ್ಷ್ಮೀದೇವಮ್ಮಾ, ಆ ಎರಡೂ ಗದೆ ಇತ್ಲಾಗೆ ತಂದಿಡಮ್ಮ, ಇನ್ನು ಕೊನೇ ಸೀನು!” ಎಂದು ನಾಟಕದ ಮೇಷ್ಟ್ರು ರುದ್ರಮುನಿ ಪರದೆಯ ಸಂದಿಯಿಂದ ಕೂಗಿ, ಮತ್ತೆ ಹಾರ್ಮೋನಿಯಂ ಮುಂದೆ ಹೋಗಿ ಕೂತರು. ಮಧುಗಿರಿಯಲ್ಲಿ ಅವತ್ತು ಹಗಲು ನಾಟಕ. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಸಂಜೆ ನಾಲ್ಕಾದರೂ ಮುಗಿದಿರಲಿಲ್ಲ. ಗಂಡನ ಕಿರೀಟ ಕಟ್ಟುವುದಕ್ಕೆ, ಕಾಫಿ ಕೊಡುವುದಕ್ಕೆ ಅಂತ ಪುರವರದಿಂದ ಜೊತೆಗೆ ಬಂದಿದ್ದ ಲಕ್ಷ್ಮೀದೇವಿ ಬಣ್ಣದ ಕೋಣೆಯ ಮೂಲೆಗೆ ಹೋಗಿ ಗದೆಗೆ ಕೈಹಾಕಿದಳು. ಮೊದಲನೆಯದು ಒಣಗಿದ ಸೋರೆಬುರುಡೆಯ ಹಾಗೆ ಹಗುರವಾಗಿ ಬಂತು. ಎರಡನೆಯದು ಒಂದು ಕೈಗೆ ಏಳಲೇ ಇಲ್ಲ.

ಬಿದಿರಿನ ಬುಟ್ಟಿಗೆ ಕಾಗದ ಅಂಟಿಸಿ ಬಣ್ಣ ಬಳಿದ ಗದೆ ಇಷ್ಟು ಭಾರ ಇರುವುದುಂಟೇ? ಅಯ್ಯೋ ಶಿವನೇ, ಭಾವ ಕೊನೆಗೂ ಮಾಡಿಯೇಬಿಟ್ಟ! ಭಾವ ಅಂದರೆ ಅವಳ ಗಂಡ ಪ್ರಸನ್ನನ ದೊಡ್ಡಪ್ಪನ ಮಗ ಚಿಕ್ಕರಂಗಯ್ಯ. ಬದುವಿನ ಮೇಲಿನ ಒಂದೇ ಒಂದು ಹುಣಸೆಮರಕ್ಕಾಗಿ ಇಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಮಾತು ಬಿಟ್ಟ ವರ್ಷ ಹಣ್ಣು ಬಡಿಯುವಾಗ ಮರದ ಮೇಲಿಂದಲೇ ಚಿಕ್ಕರಂಗಯ್ಯ, “ಒಂದಲ್ಲ ಒಂದಿನ ನಿನ್ನ ಇಚಾರಿಸ್ಕೊಂತೀನಿ ಕಣ್ಲಾ!” ಎಂದು ಊರಿಗೇ ಕೇಳುವ ಹಾಗೆ ಕೂಗಿದ್ದ. ಅಂಥವರಿಬ್ಬರನ್ನು ಹಿಡಿದು ತಂದು ಮೇಷ್ಟ್ರು ದಾಯಾದಿಗಳ ಪಾತ್ರವನ್ನೇ ಕೊಟ್ಟಿದ್ದರು, ಹಾಗಾದರೂ ಮಾತಾಡಿಯಾರು ಅಂತ. ಆ ಪುಣ್ಯಾತ್ಮನಿಗೆ ಬೇರೆ ಉಪಾಯವೇ ಹೊಳೆಯಲಿಲ್ಲ ನೋಡಿ! ಪ್ರಸನ್ನನಿಗೆ ಐವರ ಕಡೆಯ ಬಲಶಾಲಿಯ ಪಾತ್ರ, ಚಿಕ್ಕರಂಗಯ್ಯನಿಗೆ ನೂರು ಜನರ ಅಣ್ಣನದು.

ತಾಲೀಮಿನಲ್ಲಿ ಭಾವನ ಗದೆ ಗಂಡನ ಕಿವಿಯ ಪಕ್ಕ ಹಾದಾಗೆಲ್ಲ ಲಕ್ಷ್ಮೀದೇವಿ ಕಿಟಾರನೆ ಕಿರುಚುತ್ತಿದ್ದಳು. ಮೇಷ್ಟ್ರು ನಗುತ್ತಿದ್ದರು. “ಹೆದರ್ಬೇಡ ಕಣಮ್ಮ. ಹಳೇ ಕಾವ್ಯ ಕಟ್ಟಿದೋರು ಬಲು ಕಿಲಾಡಿಗಳು. ಒಂದ್ರಾಗೆ ಕೆಟ್ಟೋನಿಗೆ ಹತ್ತು ತಲೆ ಇಟ್ಟವ್ರೆ, ಮೈಲಿ ದೂರದಿಂದ್ಲೇ ಗುರುತು ಸಿಕ್ತದೆ. ನಾವಾಡೋ ಕಥೇಲಿ ಕೆಟ್ಟೋನಿಗೂ ಒಂದೇ ತಲೆ, ಒಳ್ಳೇನಿಗೂ ಒಂದೇ ತಲೆ. ಕಂಡ್ಹಿಡಿಯೋದು ಹೆಂಗೆ? ಕೊನೇ ಕಾಳಗದಾಗೆ ಕೆಟ್ಟೋನು ನೇಮ ಮುರಿಯಾಕಿಲ್ಲ, ಸೊಂಟದಿಂದ ಕೆಳಿಕ್ಕೆ ಹೊಡಿಯಾಕಿಲ್ಲ. ತೊಡೆಗೆ ಹೊಡೆಯೋನು ನಿನ್ನ ಗಂಡ, ಒಳ್ಳೇನು!”

ಅಷ್ಟು ಹೇಳಿದರೂ ಅವಳ ಅಂಜಿಕೆ ಹೋಗಿರಲಿಲ್ಲ. ಮಾರಮ್ಮನ ಗುಡಿಯಲ್ಲಿ ಅರಿಶಿನದ ದಾರ ಮಂತ್ರಿಸಿ ತಂದು, ಗಂಡನನ್ನು ಕಾಯಲಿ ಅಂತ ಅವನ ಗದೆಯ ಹಿಡಿಗೆ ಮೂರು ಸುತ್ತು ಕಟ್ಟಿದ್ದಳು. ಈಗ ಭಾರದ ಗದೆಯನ್ನು ಹೊರಳಿಸಿದಳು. ಹಿಡಿಯ ಬುಡದಲ್ಲಿ ಅರಿಶಿನದ ದಾರ ಇತ್ತು. ಮೂರು ಸುತ್ತು, ಅವಳದೇ ಗಂಟು. ಗದೆಗೆ ಬಣ್ಣ ಹಚ್ಚುತ್ತೇನೆ ಅಂತ ಗಂಡ ಎರಡು ದಿನ ಹಿತ್ತಲ ಕೋಣೆಯ ಅಗಳಿ ಹಾಕಿಕೊಂಡು ಕೂತದ್ದು ಯಾಕೆಂದು ಆಗ ತಿಳಿಯಿತು.

ಪ್ರಸನ್ನ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. ಅವಳು ಎರಡೂ ಕೈಯಲ್ಲಿ ಗದೆ ಎತ್ತಿ ನಿಂತದ್ದನ್ನು ಕಂಡು ಬಾಗಿಲ ಕಡೆ ನೋಡಿದ.

“ಏನ್ರೀ ಇದು? ಒಳಗೆ ಏನಿಟ್ಟಿದೀರಿ?”

“ಮೆಲ್ಲುಕ್ ಮಾತಾಡೇ. ಒಂದೀಟು ಕಬ್ಣ, ಸಿಮೆಂಟು. ತೊಡೆಗೆ ಹೊಡೆಯೋದು ಕಥೇಲೇ ಐತಲ್ಲ? ಕಾಲು ಮುರಿದ್ರೆ ಆಟದಾಗೆ ಆಗೋಯ್ತು ಅಂತಾರೆ, ಅಷ್ಟೇ. ಆಮ್ಯಾಕೆ ಹುಣಸೆಮರ ಯಾರು ಹತ್ತುತಾರೋ ನಾನೂ ನೋಡ್ತೀನಿ.” ಹೊರಗೆ ಅವನಿಗೆ ಬಿದ್ದ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಮುಖ. ಆ ಮುಖ ನೋಡಿ ಲಕ್ಷ್ಮೀದೇವಿಗೆ ಮೊದಲ ಸಲ ಭಯವಾಯಿತು. ಕೈ ಸಡಿಲವಾಯಿತೋ, ಅವಳೇ ಬಿಟ್ಟಳೋ, ಗದೆ ಧಡ್ ಎಂದು ಬಿದ್ದು ನೆಲದ ಸಿಮೆಂಟಿನ ಚಕ್ಕೆ ಹಾರಿತು.

ಬಾಗಿಲಲ್ಲಿ ಚಿಕ್ಕರಂಗಯ್ಯ ನಿಂತಿದ್ದ. ಕೊಂಬು ಮೀಸೆ, ಹಣೆಯ ಮೇಲೆ ಕಪ್ಪು ನಾಮ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಯಾರಿಗೆ ಗೊತ್ತು. ಒಡೆದ ನೆಲ ನೋಡಿದ, ತಮ್ಮನನ್ನು ನೋಡಿದ, ಬಗ್ಗಿ ಆ ಗದೆಯನ್ನು ಎತ್ತಿ ಹೆಗಲಿಗಿಟ್ಟುಕೊಂಡ. ದಿನಾ ಮರ ಹತ್ತುವ ತೋಳು, ಅವನಿಗೆ ಅದೊಂದು ಭಾರವೇ ಅಲ್ಲ. ಹಗುರದ ಗದೆಯನ್ನು ಕಾಲಿನಿಂದ ಪ್ರಸನ್ನನ ಮುಂದಕ್ಕೆ ತಳ್ಳಿದ.

“ಅದನ್ನ ನೀನು ಹಿಡ್ಕೊಳ್ಲಾ. ಇದು ನಂಗಿರ್ಲಿ ಬುಡು.”

ನಾಟಕದ ಮಾತು ಬಿಟ್ಟರೆ, ನಾಲ್ಕು ವರ್ಷದ ಮೇಲೆ ಅಣ್ಣ ತಮ್ಮನ ಜೊತೆ ಆಡಿದ ಮೊದಲ ಮಾತು ಅದು. ಹೊರಗೆ ಗಂಟೆ ಬಡಿಯಿತು. “ಬರ್ರಪ್ಪೋ, ಜನ ಕಾಯ್ತಾವ್ರೆ!” ಎಂದು ಮೇಷ್ಟ್ರು ಕೂಗಿದರು. ಪ್ರಸನ್ನ ಕಾಲ ಬಳಿಯ ಹಗುರದ ಗದೆ ನೋಡಿದ. ಬರುವುದಿಲ್ಲ ಅನ್ನೋಣವೆಂದರೆ ಯಾಕೆ ಅಂತ ಹೇಳಬೇಕಲ್ಲ! ಅದನ್ನೇ ಎತ್ತಿಕೊಂಡು ಹೊರಟ. ಲಕ್ಷ್ಮೀದೇವಿ ಓಡಿಹೋಗಿ ಚಿಕ್ಕರಂಗಯ್ಯನ ಕಾಲು ಹಿಡಿದಳು.

“ಬ್ಯಾಡಿ ಭಾವ, ನಿಮ್ಮ ದಮ್ಮಯ್ಯ ಅಂತೀನಿ. ಅದ್ನ ಇಲ್ಲೇ ಇಟ್ಟು ಹೋಗಿ.”

“ಏಳಮ್ಮ, ನೀನ್ಯಾಕೆ ಅಳ್ತೀಯ,” ಎಂದು ಅವನು ಮೆಲ್ಲಗೆ ಕಾಲು ಬಿಡಿಸಿಕೊಂಡ. “ನಾನು ಕೆಟ್ಟೋನಲ್ವಾ? ಸೊಂಟದಿಂದ ಕೆಳಿಕ್ಕೆ ಹೊಡಿಯಾಕಿಲ್ಲ.”

ಪರದೆ ಮೇಲೆದ್ದಿತು. ಸೊಂಟದಿಂದ ಕೆಳಕ್ಕೆ ಹೊಡೆಯೋದಿಲ್ಲ, ಕೆಳಕ್ಕೆ ಹೊಡೆಯೋದಿಲ್ಲ ಎಂದು ಲಕ್ಷ್ಮೀದೇವಿ ಜಪದ ಹಾಗೆ ಹೇಳಿಕೊಳ್ಳುತ್ತಾ ಪಕ್ಕದ ಸಂದಿಯಿಂದ ಇಣುಕಿದಳು. ಭಾವನ ಗದೆ ನಿಧಾನವಾಗಿ ಮೇಲೆದ್ದಿತು, ಅವಳು ಕಟ್ಟಿದ ದಾರದ ಸಮೇತ. ಅದರ ಎದುರಿಗೆ ಗಂಡನ ತಲೆ. ತಲೆಯ ಮೇಲೆ, ಬೆಳಿಗ್ಗೆ ಅವಳೇ ಬಿಗಿಯಾಗಿ ಕಟ್ಟಿದ ರಟ್ಟಿನ ಕಿರೀಟ.