ಡಂಕನ್ನನಿಗೆ ಶ್ರದ್ಧಾಂಜಲಿ

ದಾಸನಕೊಪ್ಪದ ಬಸ್ ನಿಲ್ದಾಣದ ಎದುರು ಫ್ಲೆಕ್ಸಿನ ಕೊನೆಯ ಗಂಟು ಬಿಗಿದು ಸುಭಾಷ ಕೆಳಗಿಳಿಯುವುದಕ್ಕೂ, ಅವನ ಗೆಳೆಯ ಉದಯನ ತಾಯಿ ವೆಂಕಮ್ಮ ಬಂದು ಅದರ ಬುಡದಲ್ಲಿ ಸೇವಂತಿಗೆ ಇಟ್ಟು ಕೈಮುಗಿಯುವುದಕ್ಕೂ ಸರಿಹೋಯಿತು. ದೇವಸ್ಥಾನಕ್ಕೆಂದು ತಂದ ಹೂವು. ಅವಳಿಗೆ ಓದು ಬಾರದು. ಆದರೆ ಕಪ್ಪು ಅಂಚು, ಎರಡು ಕಡೆ ದೀಪ, ನಡುವೆ ಒಂದು ಮುಖ ಇದ್ದರೆ ಯಾರೋ ಹೋದರೆಂದು ತಿಳಿಯಲು ಅಕ್ಷರ ಬೇಕಾಗಿಲ್ಲ. ಕೆಳಗೆ ‘ಗೆಳೆಯರ ಬಳಗ’ದವರ ಮುಖಗಳೂ ಸಾಲಾಗಿ ಇದ್ದವು. ನಮ್ಮ ಕಡೆಯ ಫ್ಲೆಕ್ಸುಗಳಲ್ಲಿ ಸತ್ತವನಿಗೆ ಎಷ್ಟು ಜಾಗವೋ ಅತ್ತವರಿಗೂ ಅಷ್ಟೇ ಬೇಕು.

“ಯಾರ ಮಗನೋ, ಪಾಪ. ಇನ್ನೂ ಹರೇದಾಂವ. ಯಾವೂರಾಂವ ತಮ್ಮಾ?”

ಸುಭಾಷ ಪಕ್ಕದಲ್ಲಿದ್ದ ಗೆಳೆಯ ತುಷಾರನ ಮುಖ ನೋಡಿದ. ತುಷಾರ ನಗು ತಡೆದುಕೊಂಡ.

“ಅಂವ ಡಂಕನ್ ಅಂತ, ಯವ್ವಾ. ಟೀವಿ ಧಾರಾವಾಹಿಯಾಗಿನಾಂವ,” ಎಂದ ಸುಭಾಷ.

“ಹಂಗಾರ ಪಾರ್ಟು ಮಾಡಾಂವ ಸತ್ತಾನೇನು?”

“ಇಲ್ಲ, ಅಂವ ಆರಾಮ ಅದಾನ. ಕಥಿಯಾಗಷ್ಟ ಸತ್ತಾನ.”

ಅದೊಂದು ಇಂಗ್ಲಿಷ್ ಧಾರಾವಾಹಿ, ಕಾಮಿಕ್ಸ್ ಪುಸ್ತಕಗಳಿಂದ ಮಾಡಿದ್ದು. ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುತ್ತಾರೆ, ಬದುಕಿದವರು ಓಡುತ್ತಾರೆ. ಕಥೆ ಇಷ್ಟೇ, ಆದರೆ ವರ್ಷಗಟ್ಟಲೆ ನಡೆಯುತ್ತದೆ. ಊರ ಹುಡುಗರಿಗೆ ಇದರ ಹುಚ್ಚು ಹಿಡಿಸಿದವನು ವೆಂಕಮ್ಮನ ಮಗ ಉದಯ. ಪುಸ್ತಕಗಳನ್ನೆಲ್ಲ ಮೊದಲೇ ಮೊಬೈಲಿನಲ್ಲಿ ಓದಿ ಮುಗಿಸಿದ್ದ ಅವನು, “ಡಂಕನ್ನಗ ಏನೂ ಆಗಂಗಿಲ್ಲಲೇ, ಕಡೀತನಕಾ ಇರ್ತಾನ” ಎಂದು ಆಣೆ ಮಾಡಿ ಹೇಳಿದ್ದ. ಮಳೆಗಾಲದಲ್ಲಿ ಶಿರಸಿಯಿಂದ ಬರುವಾಗ ಬೈಕು ಜಾರಿ ಉದಯನೇ ಹೋದ. ಕಳೆದ ವಾರ ಟೀವಿಯವರು ಪುಸ್ತಕವನ್ನು ಗಾಳಿಗೆ ತೂರಿ ಡಂಕನ್ನನನ್ನೂ ಕೊಂದರು. ಎಲ್ಲೆಲ್ಲಿಯ ಅಭಿಮಾನಿಗಳೋ ರೇಗಿದರು, ಬೈದು ಬರೆದರು, ಇನ್ನು ಮುಂದೆ ನೋಡುವುದಿಲ್ಲವೆಂದು ಶಪಥ ಮಾಡಿದರು. ದಾಸನಕೊಪ್ಪದವರು ಫ್ಲೆಕ್ಸ್ ಹಾಕಿದರು. ಉದಯನ ಮಣ್ಣಿಗೆ ಹೋದಾಗ ಒಂದು ಹನಿ ಕಣ್ಣೀರೂ ಬಾರದೆ ನಿಂತಿದ್ದ ಸುಭಾಷ, ಡಂಕನ್ ಸತ್ತಾಗ ಬಚ್ಚಲಿಗೆ ಹೋಗಿ ಬಿಕ್ಕಿಬಿಕ್ಕಿ ಅತ್ತಿದ್ದ. ಉದಯ ಹೇಳಿದ ಮಾತೂ ಸತ್ತಿತಲ್ಲ ಎಂಬುದನ್ನು ಅವನಿಂದ ತಡೆದುಕೊಳ್ಳಲಾಗಿರಲಿಲ್ಲ.

ವೆಂಕಮ್ಮ ಫ್ಲೆಕ್ಸಿನ ಮುಖವನ್ನು ಇನ್ನೊಮ್ಮೆ ನೋಡಿದಳು.

“ಇಂವಗ ತಾಯಿ ಅದಾಳೇನು?”

“ಕಥಿಯಾಗ ತೋರಿಸಿಲ್ಲ ಯವ್ವಾ.”

“ಛಲೋ ಆತು ಬಿಡು.”

ಹೂವು ವಾಪಸು ತೆಗೆದುಕೊಳ್ಳಲು ಬಾಗಿದವಳು ಏನೆನ್ನಿಸಿತೋ, ಹಾಗೇ ಬಿಟ್ಟು ಎದ್ದಳು. “ನಮ್ಮ ಉದಯಗ ಯಾಕ ಒಂದು ಹಾಕ್ಲಿಲ್ಲ ತಮ್ಮಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹುಡುಗರಿಗೆ ಎಷ್ಟೋ ಸಲೀಸಾಗುತ್ತಿತ್ತು.

“ಸ್ಟೇಟಸ್ ಹಾಕಿದ್ವಿ ಯವ್ವಾ, ಎಲ್ಲಾರೂ,” ಎಂದ ತುಷಾರ.

“ಎಲ್ಲಿ? ನಾ ಕಾಣಲಿಲ್ಲ.”

“ಫೋನಿನ್ಯಾಗ. ಒಂದ ದಿನಾ ಇರ್ತೈತಿ, ಆಮ್ಯಾಲೆ ತಾನ ಹೋಗಿಬಿಡ್ತೈತಿ.”

“ಒಂದ ದಿನಾ?”

ನಿಜವಾದ ಕಾರಣ ಬೇರೆಯೇ ಇತ್ತು. ಊರಿನಲ್ಲಿ ಹುಟ್ಟುಹಬ್ಬವಿರಲಿ, ಕಬಡ್ಡಿಯಿರಲಿ, ಸಾವಿರಲಿ, ಫೋಟೊ ತೆಗೆದು, ಅಕ್ಷರ ಜೋಡಿಸಿ, ಶಿರಸಿಗೆ ಹೋಗಿ ಫ್ಲೆಕ್ಸ್ ಮಾಡಿಸಿಕೊಂಡು ಬರುತ್ತಿದ್ದವನು ಉದಯ. ‘ಉದಯ ಮಾಡ್ತಾನ ಬಿಡು’ ಎನ್ನುವುದು ಎಲ್ಲರಿಗೂ ರೂಢಿಯಾಗಿಹೋಗಿತ್ತು. ಅವನೇ ಸತ್ತಾಗಲೂ ಅದೇ ರೂಢಿಯಲ್ಲಿ ಎಲ್ಲರೂ ಕೈಕಟ್ಟಿ ಕೂತುಬಿಟ್ಟರು.

“ನಾಳೀನ ಹಾಕ್ತೀವಿ ಯವ್ವಾ. ಇದಕ್ಕಿಂತ ದೊಡ್ಡದು,” ಎಂದು ಸುಭಾಷ ಅಲ್ಲಿಯೇ ಮೊಬೈಲು ತೆಗೆದು ಫೋಟೊ ಹುಡುಕತೊಡಗಿದ. ಬನವಾಸಿಗೆ ಹೋದದ್ದು, ತುಷಾರನ ಅಕ್ಕನ ಮದುವೆ, ಹೊಳೆಯ ಈಜು, ಎಲ್ಲ ಸಿಕ್ಕವು. ಎಲ್ಲದರಲ್ಲೂ ಎಲ್ಲರೂ ಇದ್ದರು, ತೆಗೆದ ಉದಯನೊಬ್ಬ ಇರಲಿಲ್ಲ. ಮದುವೆಯಲ್ಲಿ ಬೇರೆ ಯಾರೋ ತೆಗೆದ ಒಂದು ಫೋಟೊದ ಅಂಚಿನಲ್ಲಿ ಅವನ ಮೊಣಕೈ ಮಾತ್ರ ಸಿಕ್ಕಿತು.

ಕೊನೆಗೆ ಒಂದು ಬಂತು. ಹೋಳಿಯ ದಿನ ಎಲ್ಲರೂ ಬಣ್ಣ ಎರಚಿಕೊಳ್ಳುತ್ತಿದ್ದಾಗ ಉದಯ ತನ್ನದೇ ಬೇರೆ ವೇಷ ಕಟ್ಟಿಕೊಂಡು ಬಂದಿದ್ದ. ಮುಖಕ್ಕೆಲ್ಲ ಬಾಣಲೆಯ ಮಸಿ, ತುಟಿಯಿಂದ ಗದ್ದಕ್ಕೆ ಇಳಿದ ಕುಂಕುಮದ ನೀರು, ಹರಿದ ಅಂಗಿ, ಮುಂದಕ್ಕೆ ಚಾಚಿದ ಎರಡೂ ಕೈ, ನೋಡುವವರತ್ತ ಎತ್ತಿಟ್ಟ ಹೆಜ್ಜೆ. ಸುಭಾಷ ಅದನ್ನು ಸರಿಸುವಷ್ಟರಲ್ಲಿ ವೆಂಕಮ್ಮ ಮೊಬೈಲನ್ನು ಕೈಗೆ ತೆಗೆದುಕೊಂಡಾಗಿತ್ತು.

“ಅದು ಬ್ಯಾಡ ಯವ್ವಾ,” ಎಂದ ಸುಭಾಷ. “ಸತ್ತೋರು ಎದ್ದು ಬರ್ತಾರಲ್ಲ, ಆ ವೇಷ ಅದು. ಬ್ಯಾರೆ ಹುಡುಕ್ತೀನಿ, ಕೊಡು.”

ಅವಳು ಕೊಡಲಿಲ್ಲ. ಸೆರಗಿನ ತುದಿಯಿಂದ ಗಾಜನ್ನು ಒರೆಸಿ, ಬಿಸಿಲಿಗೆ ಬೆನ್ನುಮಾಡಿ ನಿಂತು, ಬಹಳ ಹೊತ್ತು ನೋಡಿದಳು.

“ಇದನ್ನ ಹಾಕು ತಮ್ಮಾ,” ಎಂದಳು. “ಮಖ ಹೆಂಗರ ಇರ್ಲಿ. ಮನೀ ಕಡೆ ನಡಕೋತ ಬರಾಕತ್ತಾನಲ್ಲ.”