ಬರಲ್ಲ ಸಾರ್

ನಾಲ್ಕನೇ ತರಗತಿಯ ಬಿಂದುಶ್ರೀಗೆ ಒತ್ತಕ್ಷರ ಓದಲು ಬರುವುದಿಲ್ಲವೆಂದು ಇಲಾಖೆ ಒಬ್ಬ ವಿಶೇಷ ಟೀಚರನ್ನು ಕಳಿಸಿತ್ತು. ಎರಡು ವರ್ಷ ಪ್ರತಿ ಮಂಗಳವಾರ ಬಂದು ಅವರು ಕಲಿಸಿಯೇಬಿಟ್ಟರು. ಅದೇ ಎಡವಟ್ಟಾಯಿತು. ಓದಲು ಬರುವ ಮಗುವಿಗೆ ವಿಶೇಷ ಟೀಚರ್ ಇಲ್ಲ ಎಂಬುದು ನಿಯಮ. ಅವಳಿಗೆ ಲೆಕ್ಕ ಇನ್ನೂ ತಲೆಗೆ ಹತ್ತಿರಲಿಲ್ಲ, ಆದರೆ ಇಲಾಖೆಯ ತಪಾಸಣಾ ಫಾರಂನಲ್ಲಿ ಲೆಕ್ಕಕ್ಕೆ ಕಾಲಮ್ಮೇ ಇರಲಿಲ್ಲ.

ತಪಾಸಣೆಯ ಹಿಂದಿನ ದಿನ ಹೆಡ್‌ಮೇಡಂ ಅವಳನ್ನು ಹತ್ತಿರ ಕರೆದರು.

"ನೋಡು ಪುಟ್ಟಿ, ನಾಳೆ ಸಾಹೇಬ್ರು ಏನ್ ತೋರಿಸಿದ್ರೂ ಓದ್ಬೇಡ. 'ಬರಲ್ಲ ಸಾರ್' ಅನ್ನು. ಇಲ್ದಿದ್ರೆ ಇನ್ಮೇಲೆ ನಿಮ್ಮ ಮಿಸ್ಸೇ ಬರಲ್ಲ."

"ಸುಳ್ಳು ಹೇಳಬಾರದು ಅಂತ ಗೋಡೆ ಮೇಲೆ ಬರ್ದಿದೆಯಲ್ಲ ಮೇಡಂ?"

"ಅದನ್ನೂ ಓದ್ಬೇಡ."

ಮರುದಿನ ಸಾಹೇಬರು ಪುಸ್ತಕ ತೆರೆದು 'ಅಕ್ಕ' ಎಂಬ ಪದದ ಮೇಲೆ ಬೆರಳಿಟ್ಟರು.

"ಬರಲ್ಲ ಸಾರ್."

ಬೆರಳು 'ಬೆಕ್ಕು' ಪದಕ್ಕೆ ಜಾರಿತು. "ಹೋಗ್ಲಿ, ಇದು?"

"ಬರಲ್ಲ ಸಾರ್."

"ಅಯ್ಯೋ ಪಾಪ! ಎರಡು ವರ್ಷ ಆದ್ರೂ ಒಂದು ಒತ್ತೂ ಹತ್ತಿಲ್ಲ. ಇನ್ನೊಂದು ವರ್ಷ ಆ ಟೀಚರ್ ಬರ್ಲಿ ಬಿಡಿ ಮೇಡಂ" ಎನ್ನುತ್ತಾ ಸಾಹೇಬರು ಫಾರಂ ತುಂಬತೊಡಗಿದರು. ಹೆಡ್‌ಮೇಡಂ ನೆಮ್ಮದಿಯ ನಿಟ್ಟುಸಿರು ಬಿಟ್ಟರು.

ಮೇಜಿನ ಪಕ್ಕ ನಿಂತಿದ್ದ ಬಿಂದುಶ್ರೀ ಮೆಲ್ಲಗೆ ಫಾರಂನೊಳಗೆ ಇಣುಕಿದಳು.

"ಸಾರ್, 'ಒತ್ತಕ್ಷರ ಬರುವುದಿಲ್ಲ' ಅಂತ ಬರ್ದಿದ್ದೀರಲ್ಲ, ಅದ್ರಲ್ಲಿ ತಾವತ್ತು ಹಾಕೋದೇ ಮರ್ತಿದ್ದೀರ!"