ಕೌದಿಯ ಕೊನೆಯ ಮೂಲೆ

ನೆರಳುಗಳೂ ಪಾಳಿಯ ಮೇಲೆ ದುಡಿಯುತ್ತಿದ್ದ ಕಾಲದಲ್ಲಿ, ಒಂದು ಗಿರಣಿ ಊರಿನಲ್ಲಿ ಫಕೀರವ್ವ ಎಂಬ ಅಜ್ಜಿಯೂ ಸುವರ್ಣಾ ಎಂಬ ಮೊಮ್ಮಗಳೂ ಇದ್ದರು. ಮಹಾನಗರಕ್ಕೆ ಹೋಗುವವರು ನೆರಳನ್ನು ಊರಲ್ಲೇ ಬಿಟ್ಟು ಹೋಗಬೇಕಿತ್ತು. ಅಲ್ಲಿ ಮನುಷ್ಯರಿಗೇ ಜಾಗವಿಲ್ಲ, ಇನ್ನು ನೆರಳಿಗೆಲ್ಲಿ? ವರ್ಷದೊಳಗೆ ಮರಳಿ ಊರಲ್ಲೇ ನೆಲೆಸಿದರೆ ಅದು ಮತ್ತೆ ಕಾಲಿಗೆ ಅಂಟಿಕೊಳ್ಳುತ್ತಿತ್ತು. ಇಲ್ಲದಿದ್ದರೆ ಊರಿನ ಪಾಲು.

ಹಳೆ ಸೀರೆ ತುಂಡುಗಳ, ಅರ್ಧ ಹೊಲಿದ ಕೌದಿಯನ್ನು ತಾನೇ ಬಂದು ಮುಗಿಸುವೆನೆಂದು ಮಾತು ಕೊಟ್ಟು ಹೋಗಿದ್ದ ಸುವರ್ಣಾ, ವರ್ಷದ ಕೊನೆಯ ದಿನ ಮಧ್ಯಾಹ್ನ ಬಂದಳು. ಮಹಾನಗರ ಸಾಕಾಗಿತ್ತು. ಅಜ್ಜಿ ‘ಇರು’ ಎಂದರೆ ಇದ್ದುಬಿಡುವವಳಿದ್ದಳು.

ಪಡಸಾಲೆಯಲ್ಲಿ ಅವಳ ನೆರಳು, ಗಿರಣಿಯಿಂದ ಆಗಷ್ಟೇ ಬಂದು, ಅಜ್ಜಿಯ ಕಾಲು ಒತ್ತುತ್ತಿತ್ತು. ಪಕ್ಕದಲ್ಲಿದ್ದ ಕೌದಿಯಲ್ಲಿ ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಹೊಲಿದಾಗಿತ್ತು.

“ಎಲ್ಲಾ ಇದೇ ಹೊಲೀತು,” ಎಂದಳು ಅಜ್ಜಿ. “ಮೂಲ್ಯಾಗ ಹೋಳಿಗಿ ಚೂರು ಇಟ್ಟು ಕೌದಿ ಹೊಟ್ಟಿ ತುಂಬಸಬೇಕಲ್ಲ, ಅದಕ್ಕ ಉಣ್ಣೋ ಕೈ ಬೇಕು. ಇದು ಉಣ್ಣಂಗಿಲ್ಲ, ಪಾಪ.”

“ಆಯಿ, ನಾ ಇಲ್ಲೇ ಇದ್ದುಬಿಡ್ಲೇನು?”

ಅಜ್ಜಿ ನೆರಳಿನ ತಲೆ ಸವರಿದಳು. “ನೀ ಇದ್ರ ಇದು ನಿನ್ನ ಕಾಲಿಗೆ ಹೋಗತೈತಲ್ಲವಾ. ನೀ ನಾ ಹೇಳೋ ಕತಿ ನಡುವ ಎದ್ದು ಹೋಗ್ತಿದ್ದಿ. ಇದು ಏಳಂಗಿಲ್ಲ.” ಕೌದಿಯ ಮೂಲೆಯನ್ನು ಮೊಮ್ಮಗಳತ್ತ ಸರಿಸಿ ಕೇಳಿದಳು, “ನಿನ್ನ ಬಸ್ಸು ಐದಕ್ಕಲ್ಲೇನು?”

ಸುವರ್ಣಾ ಸೂಜಿಗೆ ದಾರ ಪೋಣಿಸಿದಳು. ಹೋಳಿಗೆಯ ಚೂರನ್ನು ಮೂಲೆಯೊಳಗಿಟ್ಟು, ಅಜ್ಜಿ ಕಲಿಸಿದಂತೆಯೇ ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿದಳು. ನೆರಳು ಅಜ್ಜಿಗೆ ಇನ್ನಷ್ಟು ಒತ್ತಿಕೊಂಡು ಕೂತಿತು.

ಅವಳು ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.